ಹ್ಯೂಮರ್ ಅಂದರೆ ಬರೀ ಹಾಸ್ಯವೇ? ಕಣ್ಣಿನೊಳಗೂ ಹ್ಯೂಮರ್ ಇರುವುದೇಕೆ?

'ಹುಡುಗನಿಗೆ ಒಳ್ಳೆಯ ಸೆನ್ಸ್ ಆಫ್ ಹ್ಯೂಮರ್ ಇರಬೇಕು' ಎಂಬ ಮಾತನ್ನು ವಧೂವರರ ಜಾಹೀರಾತುಗಳಲ್ಲಿ ನೀವೂ ಓದಿರಬಹುದು. ಹ್ಯೂಮರ್ ಎಂದರೆ ಹಾಸ್ಯ, ಅಷ್ಟೇ ತಾನೇ ಎಂದುಕೊಂಡು ಮುಂದೆ ಹೋಗಿರುತ್ತೀರಿ. ಆದರೆ ಒಂದು ದಿನ ಮನೆಯ ಹಿರಿಯರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೋಡೆಯ ಮೇಲಿನ ಚಿತ್ರಪಟದಲ್ಲಿ 'ಅಕ್ವಿಯಸ್ ಹ್ಯೂಮರ್', 'ವಿಟ್ರಿಯಸ್ ಹ್ಯೂಮರ್' ಎಂಬ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಲಸಿಕೆಯ ಬಗ್ಗೆ ಓದುವಾಗ 'ಹ್ಯೂಮರಲ್ ಇಮ್ಯುನಿಟಿ' ಎಂಬ ಇನ್ನೊಂದು ಪದ ಎದುರಾಗುತ್ತದೆ. ಕಣ್ಣಿಗೂ ಲಸಿಕೆಗೂ ಹಾಸ್ಯಕ್ಕೂ ಏನು ನಂಟು?

ಉತ್ತರ ಚಿಕ್ಕದು. ಹ್ಯೂಮರ್ ಪದದ ಮೊದಲ ಅರ್ಥ ನಗುವಲ್ಲ, ದ್ರವ. ಅದು ನಗುವಿನ ಹೆಸರಾದ ಕಥೆ ಮಾತ್ರ ಉದ್ದನೆಯದು. ಆ ಕಥೆಯೊಳಗೆ ಎರಡು ಸಾವಿರ ವರ್ಷ ಬಾಳಿದ ಒಂದು ತಪ್ಪು ವೈದ್ಯಕೀಯ ನಂಬಿಕೆಯೂ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಮೂಲದಲ್ಲಿ ಇದ್ದದ್ದು ತೇವ

ಲ್ಯಾಟಿನ್ ಭಾಷೆಯಲ್ಲಿ 'ಹ್ಯೂಮರ್' ಎಂದರೆ ತೇವ, ದ್ರವ. ಹವಾಮಾನ ವರದಿಯಲ್ಲಿ ಗಾಳಿಯ ತೇವಾಂಶಕ್ಕೆ 'ಹ್ಯೂಮಿಡಿಟಿ' ಎನ್ನುತ್ತಾರಲ್ಲ, ಅದು ಈ ಪದದ ಹತ್ತಿರದ ಸಂಬಂಧಿ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಈ ಪದ ಮುಖ್ಯವಾಗಿ ದೇಹದೊಳಗಿನ ದ್ರವಗಳನ್ನು ಸೂಚಿಸುತ್ತಿತ್ತು. ಆ ಕಾಲದ ವೈದ್ಯರ ಬಾಯಲ್ಲಿ ಹ್ಯೂಮರ್ ಎಂದರೆ ಯಾರೂ ನಗುತ್ತಿರಲಿಲ್ಲ, ಕಾಯಿಲೆ ಏನಪ್ಪಾ ಎಂದು ಹೆದರುತ್ತಿದ್ದರು.

ನಾಲ್ಕು ದ್ರವಗಳ ಸಿದ್ಧಾಂತ

ಪ್ರಾಚೀನ ಗ್ರೀಸ್‌ನಲ್ಲಿ ಹಿಪೊಕ್ರೆಟಿಸ್‌ನ ಪರಂಪರೆಯ ವೈದ್ಯರು ದೇಹದಲ್ಲಿ ನಾಲ್ಕು ದ್ರವಗಳಿವೆ ಎಂದು ಹೇಳಿದರು: ರಕ್ತ, ಕಫ, ಹಳದಿ ಪಿತ್ತ ಮತ್ತು ಕಪ್ಪು ಪಿತ್ತ. ಇವು ಸಮತೋಲನದಲ್ಲಿದ್ದರೆ ಆರೋಗ್ಯ, ಒಂದು ಹೆಚ್ಚಾದರೆ ಅಥವಾ ಕೆಟ್ಟರೆ ರೋಗ. ಕ್ರಿಸ್ತಶಕ 2ನೇ ಶತಮಾನದಲ್ಲಿ ಗ್ಯಾಲೆನ್ ಎಂಬ ವೈದ್ಯ ಇದನ್ನು ಬೆಳೆಸಿದ. ಮುಂದೆ ಪ್ರತಿಯೊಂದು ದ್ರವಕ್ಕೂ ಒಂದು ಸ್ವಭಾವವನ್ನು ಗಂಟುಹಾಕಲಾಯಿತು.

ರಕ್ತ ಹೆಚ್ಚಿದ್ದವರು ಉತ್ಸಾಹಿಗಳು, ಇಂಗ್ಲಿಷಿನಲ್ಲಿ 'ಸ್ಯಾಂಗ್ವಿನ್'. ಕಫ ಹೆಚ್ಚಿದ್ದವರು ನಿಧಾನಿಗಳು, ಯಾವುದಕ್ಕೂ ಅಲುಗಾಡದವರು, 'ಫ್ಲೆಗ್ಮ್ಯಾಟಿಕ್'. ಹಳದಿ ಪಿತ್ತ ಹೆಚ್ಚಿದವರು ಮುಂಗೋಪಿಗಳು, 'ಕೊಲೆರಿಕ್'. ಕಪ್ಪು ಪಿತ್ತ ಹೆಚ್ಚಿದವರು ಸದಾ ಮಂಕಾಗಿರುವವರು, 'ಮೆಲಾಂಕಲಿಕ್'. ಗ್ರೀಕ್‌ನಲ್ಲಿ 'ಮೆಲಾಸ್' ಎಂದರೆ ಕಪ್ಪು, 'ಖೊಲೆ' ಎಂದರೆ ಪಿತ್ತ. ದುಃಖಕ್ಕೆ ಇಂದಿಗೂ ಬಳಸುವ 'ಮೆಲಾಂಕಲಿ' ಪದ ಹುಟ್ಟಿದ್ದು ಹೀಗೆ. ಮನುಷ್ಯನ ಸ್ವಭಾವಕ್ಕೆ 'ಟೆಂಪರಮೆಂಟ್' ಎನ್ನುವುದೂ ಇಲ್ಲಿಂದಲೇ. ಆ ಪದದ ಮೂಲ ಅರ್ಥ ಮಿಶ್ರಣ, ಅಂದರೆ ದ್ರವಗಳನ್ನು ಬೆರೆಸಿದ ಹದ.

ನಮಗೆ ಇದು ಪೂರ್ತಿ ಅಪರಿಚಿತವೇನಲ್ಲ. ಸಿಟ್ಟು ಬಂದರೆ ಕನ್ನಡದಲ್ಲಿ 'ಪಿತ್ತ ನೆತ್ತಿಗೇರಿತು' ಎನ್ನುತ್ತೇವೆ. ಆದರೆ ಆಯುರ್ವೇದದ ವಾತ, ಪಿತ್ತ, ಕಫಗಳನ್ನೂ ಗ್ರೀಕರ ನಾಲ್ಕು ದ್ರವಗಳನ್ನೂ ಒಂದೇ ಎಂದುಕೊಳ್ಳಬಾರದು. ಎಣಿಕೆಯೂ ಬೇರೆ, ವಿವರಣೆಯೂ ಬೇರೆ. ಗ್ರೀಕ್ ಪದ್ಧತಿ ನೇರವಾಗಿ ಮುಂದುವರಿದಿರುವುದು ಯುನಾನಿಯಲ್ಲಿ. 'ಯುನಾನಿ' ಎಂದರೇ ಗ್ರೀಕ್ ಮೂಲದ್ದು ಎಂದರ್ಥ. ಅರಬ್ ಮತ್ತು ಪರ್ಷಿಯನ್ ವೈದ್ಯರ ಕೈದಾಟಿ ಭಾರತಕ್ಕೆ ಬಂದ ಈ ಪದ್ಧತಿಯಲ್ಲಿ ಆ ನಾಲ್ಕು ದ್ರವಗಳ ಹೆಸರು ದಮ್, ಬಲ್ಗಮ್, ಸಫ್ರಾ, ಸೌದಾ. ಯುನಾನಿಯ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ.

ದ್ರವ ನಗುವಾದದ್ದು ಹೇಗೆ?

ದ್ರವ ಬದಲಾದರೆ ಸ್ವಭಾವ ಬದಲಾಗುತ್ತದೆ ಎಂದು ಜನ ನಂಬಿದ ಮೇಲೆ, 'ಹ್ಯೂಮರ್' ಎಂಬ ಪದವೇ ಸ್ವಭಾವದ, ಆ ಹೊತ್ತಿನ ಮನಸ್ಥಿತಿಯ ಹೆಸರಾಯಿತು. ಮುಂದೆ ಅದಕ್ಕೆ ವಿಚಿತ್ರ ಗೀಳು, ಹುಚ್ಚಾಟ ಎಂಬ ಅರ್ಥವೂ ಸೇರಿತು. ಇಂಗ್ಲೆಂಡಿನ ನಾಟಕಕಾರ ಬೆನ್ ಜಾನ್ಸನ್ ಈ ಅರ್ಥವನ್ನು ರಂಗಕ್ಕೆ ತಂದ. 1598ರಲ್ಲಿ ಪ್ರದರ್ಶನಗೊಂಡ ಅವನ 'ಎವ್ರಿ ಮ್ಯಾನ್ ಇನ್ ಹಿಸ್ ಹ್ಯೂಮರ್' ನಾಟಕದ ಹೆಸರಿಗೆ 'ಪ್ರತಿಯೊಬ್ಬನಿಗೂ ಒಂದು ಜೋಕು' ಎಂಬ ಅರ್ಥವಿಲ್ಲ; 'ಪ್ರತಿಯೊಬ್ಬನಿಗೂ ಅವನವನ ಗೀಳು' ಎಂದು ಹೇಳಿದರೆ ಹತ್ತಿರವಾಗುತ್ತದೆ. ಅತಿ ಅನುಮಾನದ ಗಂಡ, ಜಂಬದ ಸೈನಿಕ ಇಂಥವರನ್ನು ನೋಡಿ ಪ್ರೇಕ್ಷಕರು ನಕ್ಕರು.

ಇಲ್ಲೇ ತಿರುವು. ಗೀಳು ಇರುವವನು ನಗೆಪಾಟಲಿಗೆ ಈಡಾಗುತ್ತಾನೆ. ಆದ್ದರಿಂದ ಮೊದಮೊದಲು 'ಹ್ಯೂಮರಿಸ್ಟ್' ಎಂದರೆ ಜನರ ನಗೆಗೆ ಗುರಿಯಾಗುವ ವಿಚಿತ್ರ ಆಸಾಮಿ. ಕಾಲಕ್ರಮದಲ್ಲಿ ಆ ಪದ ನಗಿಸುವವನಿಗೆ ಅಂಟಿಕೊಂಡಿತು. ಹ್ಯೂಮರ್ ಎಂದರೆ ನಗೆ ಹುಟ್ಟಿಸುವ ಗುಣ, ಅದನ್ನು ಸವಿಯುವ ಶಕ್ತಿ ಎಂಬ ಇಂದಿನ ಅರ್ಥ 18ನೇ ಶತಮಾನದ ಹೊತ್ತಿಗೆ ಗಟ್ಟಿಯಾಯಿತು.

ಕನ್ನಡಿಗರಿಗೆ ಈ ತಿರುವು ಆಶ್ಚರ್ಯ ತರಬೇಕಿಲ್ಲ. ನಮ್ಮ 'ರಸ' ಎಂಬ ಪದವನ್ನೇ ನೋಡಿ. ಕಬ್ಬಿನ ರಸವೂ ರಸವೇ, ನವರಸಗಳಲ್ಲಿ ಒಂದಾದ ಹಾಸ್ಯವೂ ರಸವೇ. ಬೇಸರ ಹುಟ್ಟಿಸುವ ಭಾಷಣವನ್ನು ನಾವು 'ನೀರಸ' ಎನ್ನುತ್ತೇವೆ, ಅಂದರೆ ರಸವಿಲ್ಲದ್ದು. ದ್ರವದ ಪದವೊಂದು ಭಾವದ ಪದವಾಗುವುದು ಎರಡು ಭಾಷೆಗಳಲ್ಲೂ ಬೇರೆ ಬೇರೆ ದಾರಿಯಲ್ಲಿ ನಡೆದಿದೆ.

ಆ ನಂಬಿಕೆಗೆ ತೆತ್ತ ಬೆಲೆ

ಪದದ ಕಥೆ ಸ್ವಾರಸ್ಯಕರ. ಆದರೆ ಅದರ ಹಿಂದಿನ ಸಿದ್ಧಾಂತ ಜನರ ಪ್ರಾಣದ ಮೇಲೆ ಆಟವಾಡಿದೆ. ದ್ರವ ಹೆಚ್ಚಾಗಿದ್ದರೆ ಹೊರಹಾಕಬೇಕು ಎಂಬ ತರ್ಕದಿಂದ ವಾಂತಿ ಮಾಡಿಸುವುದು, ಭೇದಿ ಮಾಡಿಸುವುದು, ರಕ್ತನಾಳ ಕೊಯ್ದು ರಕ್ತ ಹರಿಸುವುದು ಶತಮಾನಗಳ ಕಾಲ ಮಾಮೂಲಿ ಚಿಕಿತ್ಸೆಯಾಗಿದ್ದವು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ 1799ರ ಡಿಸೆಂಬರ್‌ನಲ್ಲಿ ಗಂಟಲು ಬಾತು ಉಸಿರಾಟ ಕಷ್ಟವಾಯಿತು. ಒಂದೇ ದಿನದಲ್ಲಿ ನಾಲ್ಕು ಬಾರಿ ಅವರ ರಕ್ತ ತೆಗೆಯಲಾಯಿತು. ಒಟ್ಟು ಎರಡು ಲೀಟರಿಗೂ ಹೆಚ್ಚು ಎಂಬುದು ಅಂದಾಜು. ವಯಸ್ಕರ ದೇಹದಲ್ಲಿರುವುದೇ ಸುಮಾರು ಐದು ಲೀಟರ್. ಡಿಸೆಂಬರ್ 14ರ ರಾತ್ರಿ ಅವರು ತೀರಿಕೊಂಡರು. ಮೂಲ ಕಾಯಿಲೆಯೇ ಮಾರಕವಾಗಿದ್ದಿರಬಹುದು; ಆದರೆ ಅಷ್ಟು ರಕ್ತ ಕಳೆದುಕೊಂಡದ್ದು ಅವರಿಗೆ ನೆರವಾಗುವ ಬದಲು ಇನ್ನಷ್ಟು ಬಸವಳಿಸಿತು ಎಂಬುದೇ ಇಂದಿನ ತಿಳಿವಳಿಕೆ. ಅವರ ವೈದ್ಯರು ಕೆಟ್ಟವರಾಗಿರಲಿಲ್ಲ, ತಾವು ಕಲಿತದ್ದನ್ನು ನಿಷ್ಠೆಯಿಂದ ಮಾಡಿದ್ದರು.

ಬದಲಾವಣೆ ಬಂದದ್ದು ಎಣಿಸಿ ನೋಡಿದಾಗ. ಫ್ರಾನ್ಸ್‌ನ ವೈದ್ಯ ಪಿಯೆರ್ ಲೂಯಿ ನ್ಯುಮೋನಿಯಾ ರೋಗಿಗಳನ್ನು ಗುಂಪು ಮಾಡಿ, ಬೇಗ ರಕ್ತ ತೆಗೆಸಿಕೊಂಡವರು ಮತ್ತು ತಡವಾಗಿ ತೆಗೆಸಿಕೊಂಡವರು ಏನಾದರು ಎಂದು ಹೋಲಿಸಿದ. 1835ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಹೇಳಿಕೊಂಡಷ್ಟು ಲಾಭ ಅದರಲ್ಲಿ ಇರಲಿಲ್ಲ. 1858ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ರೋಗದ ನೆಲೆ ದ್ರವಗಳಲ್ಲಲ್ಲ, ಜೀವಕೋಶಗಳಲ್ಲಿದೆ ಎಂದು ವಿವರಿಸಿದ. ಆ ನಂತರ ಸೂಕ್ಷ್ಮಜೀವಿಗಳ ಅರಿವೂ ಸೇರಿ ನಾಲ್ಕು ದ್ರವಗಳ ಸಿದ್ಧಾಂತ ಕುಸಿಯಿತು. ಅಂದಹಾಗೆ, 'ಕಪ್ಪು ಪಿತ್ತ' ಎಂಬ ಪ್ರತ್ಯೇಕ ದ್ರವ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ.

ವೈದ್ಯಕೀಯದಲ್ಲಿ ಉಳಿದ ಹ್ಯೂಮರ್

ಸಿದ್ಧಾಂತ ಹೋಯಿತು, ಪದ ಉಳಿಯಿತು. ಮೂರು ಕಡೆ ಅದನ್ನು ನೀವು ಇಂದಿಗೂ ಕಾಣಬಹುದು.

ಅಕ್ವಿಯಸ್ ಹ್ಯೂಮರ್: ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾ ಮತ್ತು ಮಸೂರದ ನಡುವೆ ಇರುವ ನೀರಿನಂಥ ತಿಳಿ ದ್ರವ. ಇದು ಕಣ್ಣೀರಲ್ಲ. ಕಣ್ಣಿನೊಳಗೆ ಸದಾ ಉತ್ಪತ್ತಿಯಾಗಿ, ಸದಾ ಹೊರಹರಿಯುತ್ತಿರುತ್ತದೆ. ಹರಿದುಹೋಗುವ ದಾರಿ ಕಟ್ಟಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಏರಿದ ಒತ್ತಡ ದೃಷ್ಟಿನರಕ್ಕೆ ಹಾನಿ ಮಾಡಿದಾಗ ಅದು ಗ್ಲಾಕೋಮಾ. ಒತ್ತಡ ಈ ಮಿತಿಯೊಳಗಿದ್ದರೂ ಕೆಲವರಿಗೆ ಗ್ಲಾಕೋಮಾ ಬರುವುದುಂಟು.

ವಿಟ್ರಿಯಸ್ ಹ್ಯೂಮರ್: ಮಸೂರದ ಹಿಂದೆ ಕಣ್ಣುಗುಡ್ಡೆಯನ್ನು ತುಂಬಿರುವ, ಲೋಳೆಯಂಥ ವಸ್ತು. ವಯಸ್ಸಾದಂತೆ ಇದು ಅಲ್ಲಲ್ಲಿ ನೀರಾಗಿ ಕುಗ್ಗುತ್ತದೆ. ಆಗ ಕಣ್ಣೆದುರು ನೊಣ ಹಾರಿದಂತೆ, ಎಳೆ ತೇಲಿದಂತೆ ಕಾಣಬಹುದು. ಬಹುಪಾಲು ಇದರಿಂದ ತೊಂದರೆಯಿಲ್ಲ. ಆದರೆ ಇಂಥ ಚುಕ್ಕೆಗಳು ಇದ್ದಕ್ಕಿದ್ದಂತೆ ಹೆಚ್ಚಾದರೆ, ಮಿಂಚು ಹೊಳೆದಂತಾದರೆ, ಪರದೆ ಇಳಿದಂತೆ ಮಬ್ಬಾದರೆ ತಡಮಾಡದೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಅಕ್ಷಿಪಟಲ ಕಳಚಿಕೊಳ್ಳುತ್ತಿರುವ ಲಕ್ಷಣ ಅದಾಗಿರಬಹುದು.

ಹ್ಯೂಮರಲ್ ಇಮ್ಯುನಿಟಿ: ರಕ್ತ ಮತ್ತು ಇತರ ದೇಹದ್ರವಗಳಲ್ಲಿ ಓಡಾಡುವ ಪ್ರತಿಕಾಯಗಳಿಂದ ಸಿಗುವ ರಕ್ಷಣೆ. ದ್ರವದಲ್ಲಿರುವ ರಕ್ಷಣೆ ಎಂಬುದಷ್ಟೇ ಆ ಹೆಸರಿನ ಅರ್ಥ. ಜೀವಕೋಶಗಳೇ ನೇರವಾಗಿ ಹೋರಾಡುವ ಇನ್ನೊಂದು ಬಗೆಯಿಂದ ಇದನ್ನು ಬೇರೆ ಮಾಡಿ ತೋರಿಸಲು ಹಾಗೆ ಕರೆಯುತ್ತಾರೆ.

ದಿನಬಳಕೆಯ ಇಂಗ್ಲಿಷಿನಲ್ಲಿ

'ಗುಡ್ ಹ್ಯೂಮರ್' ಎಂದರೆ ಒಳ್ಳೆಯ ಜೋಕು ಎಂದು ಮಾತ್ರ ತಿಳಿಯಬೇಡಿ. 'ಇವತ್ತು ಬಾಸ್ ಗುಡ್ ಹ್ಯೂಮರ್‌ನಲ್ಲಿದ್ದಾರೆ' ಎಂದರೆ ಅವರ ಮೂಡ್ ಚೆನ್ನಾಗಿದೆ, ರಜೆ ಕೇಳಬಹುದು ಎಂದರ್ಥ. ಇಲ್ಲಿ ಉಳಿದಿರುವುದು ಹಳೆಯ ಅರ್ಥ.

'ಹ್ಯೂಮರ್' ಕ್ರಿಯಾಪದವೂ ಹೌದು. 'ಹ್ಯೂಮರ್ ಮಿ' ಎಂದರೆ ನನ್ನನ್ನು ನಗಿಸು ಎಂದಲ್ಲ. ನಿನಗೆ ಒಪ್ಪಿಗೆಯಿಲ್ಲದಿದ್ದರೂ ನನ್ನ ಸಮಾಧಾನಕ್ಕಾಗಿ ಒಮ್ಮೆ ನಾನು ಹೇಳಿದ ಹಾಗೆ ಮಾಡು ಎಂದು. ಹಟ ಹಿಡಿದ ಮಗುವಿನ ಮನಸ್ಸು ನೋಯಿಸದೆ ನಡೆದುಕೊಳ್ಳುವುದೂ 'ಹ್ಯೂಮರ್' ಮಾಡುವುದೇ.

'ಡ್ರೈ ಹ್ಯೂಮರ್' ಎಂದರೆ ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ ಹೇಳುವ ಹಾಸ್ಯ. ಮೂಲ ಅರ್ಥ ಹಿಡಿದರೆ ಇದು 'ಒಣ ದ್ರವ' ಆಗುತ್ತದೆ!

ಕಾಗುಣಿತದ ಒಂದು ಗುಟ್ಟು: ಬ್ರಿಟಿಷ್ ಕಾಗುಣಿತದಲ್ಲಿ ಹ್ಯೂಮರ್‌ನ ಕೊನೆಯ 'ಆರ್'ಗೆ ಮೊದಲು ಒಂದು 'ಯು' ಇರುತ್ತದೆ, ಅಮೆರಿಕನ್ನರು ಅದನ್ನು ಬಿಡುತ್ತಾರೆ. ಆದರೆ 'ಹ್ಯೂಮರಸ್' ಎಂಬ ವಿಶೇಷಣದಲ್ಲಿ ಇಬ್ಬರೂ ಆ 'ಯು' ಬರೆಯುವುದಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

'ಫನ್ನಿ ಬೋನ್' ಒಂದು ಮೂಳೆಯೇ? ಅಲ್ಲ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದಂತೆ ಜುಮ್ಮೆನ್ನುತ್ತದಲ್ಲ, ಅದಕ್ಕೆ ಕಾರಣ ಚರ್ಮದ ಕೆಳಗೇ ಹಾದುಹೋಗುವ ಅಲ್ನಾರ್ ನರ. ತೋಳಿನ ಮೇಲ್ಭಾಗದ ಮೂಳೆಗೆ ಇಂಗ್ಲಿಷಿನಲ್ಲಿ 'ಹ್ಯೂಮರಸ್' ಎಂಬ ಹೆಸರಿದೆ. ನಗೆಯ 'ಹ್ಯೂಮರಸ್' ಜೊತೆ ಅದರ ಉಚ್ಚಾರ ಹೊಂದುತ್ತದೆ, ಮೂಲ ಹೊಂದುವುದಿಲ್ಲ. ಮೂಳೆಯ ಹೆಸರು ಭುಜ ಎಂಬ ಅರ್ಥದ ಬೇರೆ ಲ್ಯಾಟಿನ್ ಪದದಿಂದ ಬಂದದ್ದು.

'ಬ್ಲ್ಯಾಕ್ ಹ್ಯೂಮರ್' ಕಪ್ಪು ಪಿತ್ತದಿಂದ ಬಂತೇ? ಇಲ್ಲ. ಸಾವು, ನೋವಿನಂಥ ಸಂಗತಿಗಳಲ್ಲಿ ನಗೆ ಹುಡುಕುವ ಹಾಸ್ಯಕ್ಕೆ ಈ ಹೆಸರನ್ನು ಪ್ರಚಲಿತಗೊಳಿಸಿದ್ದು 20ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ಆಂದ್ರೆ ಬ್ರೆಟನ್.

ನಗುವೇ ಎಲ್ಲಕ್ಕೂ ಮದ್ದೇ? ನಗುವುದರಿಂದ ಮನಸ್ಸು ಹಗುರಾಗುತ್ತದೆ, ಬಿಗಿತ ಸಡಿಲಾಗುತ್ತದೆ. ಉದ್ಯಾನಗಳ ನಗೆಕೂಟಗಳಲ್ಲಿ ಹೊಸ ಗೆಳೆಯರೂ ಸಿಗುತ್ತಾರೆ. ಅಷ್ಟು ನಿಜ. ಆದರೆ ನಗು ಮಧುಮೇಹದ ಮಾತ್ರೆಗೆ, ಬಿ.ಪಿ. ಔಷಧಿಗೆ ಬದಲಿಯಲ್ಲ. ಖಿನ್ನತೆಯಿಂದ ಬಳಲುವವರಿಗೆ 'ಸ್ವಲ್ಪ ನಗ್ತಾ ಇರು, ಎಲ್ಲ ಸರಿಹೋಗುತ್ತೆ' ಎನ್ನುವುದು ಚಿಕಿತ್ಸೆಯಲ್ಲ. ಖಿನ್ನತೆಗೆ ಕಪ್ಪು ಪಿತ್ತವೂ ಕಾರಣವಲ್ಲ, ಆ ವ್ಯಕ್ತಿಯ ಸ್ವಭಾವದ ದೋಷವೂ ಕಾರಣವಲ್ಲ. ಅದು ಗುಣಪಡಿಸಬಹುದಾದ ಕಾಯಿಲೆ, ವೈದ್ಯರನ್ನು ಕಾಣಬೇಕು.

ಕೊನೆಯದಾಗಿ

ಪದಗಳು ಹಳೆಯ ನಂಬಿಕೆಗಳನ್ನು ಹೊತ್ತು ತಿರುಗಿದರೆ ನಷ್ಟವಿಲ್ಲ. 'ಪಿತ್ತ ನೆತ್ತಿಗೇರಿತು' ಎನ್ನುವವರು ಯಾರೂ ಪಿತ್ತ ಇಳಿಸಲು ರಕ್ತ ಹರಿಸುವುದಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ, ಎಷ್ಟು ಹಳೆಯದು ಎಂಬುದಕ್ಕಿಂತ ಎಣಿಸಿ ನೋಡಿದಾಗ ಏನು ಸಿಕ್ಕಿತು ಎಂಬುದೇ ಮುಖ್ಯ.

ಅದಕ್ಕೇ ನಮ್ಮದೊಂದು ಸಲಹೆ. ಗ್ಲಾಕೋಮಾ ಹೆಚ್ಚಿನವರಲ್ಲಿ ನೋವಿಲ್ಲದೆ, ಅಂಚಿನಿಂದ ಒಳಕ್ಕೆ ದೃಷ್ಟಿಯನ್ನು ಕದಿಯುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ನಿಮಗೆ 40 ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಅಥವಾ ಸ್ಟೀರಾಯ್ಡ್ ಇರುವ ಕಣ್ಣಿನ ಹನಿಗಳನ್ನು ಬಹುಕಾಲ ಬಳಸಿದ್ದರೆ, ಕನ್ನಡಕದ ನಂಬರ್ ನೋಡಿಸುವಾಗ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಿ. ಹಾಸ್ಯದ ಹ್ಯೂಮರ್ ಕೊಂಚ ಕಡಿಮೆಯಾದರೂ ಬದುಕು ಸಾಗುತ್ತದೆ, ಕಣ್ಣಿನ ಹ್ಯೂಮರ್ ವಿಷಯದಲ್ಲಿ ಉದಾಸೀನ ಬೇಡ.