ಹದಿನೈದು ಡಾಲರಿನ ಇಟ್ಟಿಗೆ

ಸಹಕಾರಿ ಸಂಘದ ಸ್ಮರಣ ಸಂಚಿಕೆ ಅಂದಮೇಲೆ 1905ರ ಕಣಗಿನಹಾಳ ಸಂಘದ ಚರಿತ್ರೆ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಬಂದೇ ಬರುತ್ತದೆ, ಬರಲೂ ಬೇಕು. ಅದನ್ನು ಯಾರಾದರೂ ಬರೆದೇ ಇರುತ್ತಾರೆಂಬ ಧೈರ್ಯದಿಂದ ನಾನು ಬೇರೆ ದಾರಿ ಹಿಡಿದಿದ್ದೇನೆ. ಅಮೇರಿಕಾ ದೇಶದ ಪೋರ್ಟ್‌ಲ್ಯಾಂಡ್ ಎಂಬ ನಗರದವರು, ನಾವು ಷೇರು ಹಣ ಎತ್ತಿದ ಹಾಗೆಯೇ ಹಣ ಎತ್ತಿ, ಊರ ನಡುವೆ ಎಲ್ಲರೂ ಕೂರುವಂಥ ಒಂದು ಅಂಗಳ ಮಾಡಿಕೊಂಡ ಕಥೆ ಇದು. ನಾನೇನು ಅಲ್ಲಿಗೆ ಹೋಗಿ ಬಂದವನಲ್ಲ, ಓದಿ ತಿಳಿದದ್ದು. ಆದರೆ ಷೇರು, ಪಾಲು ಅಂದರೆ ಏನೆಂದು ಬಲ್ಲ ನಮ್ಮ ಸದಸ್ಯರಿಗೆ ಇದು ರುಚಿಸೀತು ಅಂತ ನನ್ನ ನಂಬಿಕೆ.

ಪೋರ್ಟ್‌ಲ್ಯಾಂಡ್ ಇರುವುದು ಆ ದೇಶದ ಪಶ್ಚಿಮ ಅಂಚಿನ ಆರೆಗಾನ್ ರಾಜ್ಯದಲ್ಲಿ. ಊರ ಮಧ್ಯೆ, 1875ರಲ್ಲಿ ಕಟ್ಟಿ ಮುಗಿಸಿದ ಕೋರ್ಟು ಕಟ್ಟಡದ ಎದುರಿಗೆ, 200 ಅಡಿ ಉದ್ದ, 200 ಅಡಿ ಅಗಲದ ಒಂದು ಚೌಕ. ನಮ್ಮ ಲೆಕ್ಕದಲ್ಲಿ ಸುಮಾರು 37 ಗುಂಟೆ, ಎಕರೆಗೆ ಮೂರು ಗುಂಟೆ ಕಮ್ಮಿ. ಮೊದಲು ಅಲ್ಲಿ ಒಂದು ಶಾಲೆ ಇತ್ತು. 1890ರಲ್ಲಿ ಅದೇ ಜಾಗದಲ್ಲಿ ಪೋರ್ಟ್‌ಲ್ಯಾಂಡ್ ಹೋಟೆಲ್ ಎಂಬ ಭಾರಿ ಹೋಟೆಲು ತೆರೆಯಿತು. ಒಬ್ಬ ರೈಲ್ವೆ ಧಣಿ ಶುರು ಮಾಡಿ ಅರ್ಧಕ್ಕೆ ಬಿಟ್ಟದ್ದನ್ನು ಊರ ವರ್ತಕರೇ ದುಡ್ಡು ಹಾಕಿ ಮುಗಿಸಿದ್ದರು. ಅರವತ್ತು ವರ್ಷ ನಡೆದ ಮೇಲೆ, 1951ರಲ್ಲಿ, ಅದನ್ನು ಕೆಡವಿದರು. ಪಕ್ಕದ ದೊಡ್ಡ ಅಂಗಡಿಯ ಗಿರಾಕಿಗಳ ಕಾರು ನಿಲ್ಲಿಸಲು ಎರಡಂತಸ್ತಿನ ಕಟ್ಟಡ ಬಂತು. ಊರಿನ ಎದೆಯ ಮೇಲೆ ಇನ್ನು ಕಾರುಗಳದ್ದೇ ಠಿಕಾಣಿ.

1970ರ ಸುಮಾರಿಗೆ ಆ ಅಂಗಡಿಯವರು ಹನ್ನೊಂದು ಅಂತಸ್ತಿನ ಕಾರು ನಿಲ್ದಾಣ ಕಟ್ಟಲು ಅನುಮತಿ ಕೇಳಿದರು. ನಗರದ ಯೋಜನಾ ಮಂಡಳಿ ಆಗೋದಿಲ್ಲ ಅಂದಿತು. 1972ರ ನಗರ ಯೋಜನೆಯಲ್ಲಿ, ಇದು ಜನ ಕೂರುವ ಚೌಕ ಆಗಬೇಕೆಂದು ಬರೆದದ್ದೂ ಆಯಿತು. ಕಾಗದದ ಮೇಲೆ ಬರೆದದ್ದು ನೆಲದ ಮೇಲೆ ಕಾಣಲು ಎಷ್ಟು ಕಾಲ ಬೇಕೆಂದು ನಮಗೇನು ಹೊಸದಾಗಿ ಹೇಳಬೇಕಾಗಿಲ್ಲ. ನಕ್ಷೆಗೆ ಸ್ಪರ್ಧೆ ಇಟ್ಟದ್ದು 1980ರಲ್ಲಿ. ಬಂದದ್ದು 162 ನಕ್ಷೆ. ಗೆದ್ದವರು ವಿಲ್ ಮಾರ್ಟಿನ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ತಂಡ. ಆ ತಂಡದಲ್ಲಿ ಒಬ್ಬ ಶಿಲ್ಪಿ, ಒಬ್ಬ ಚರಿತ್ರೆಕಾರ ಕೂಡ ಇದ್ದರು. ಹಳೇ ಹೋಟೆಲಿನ ಕಬ್ಬಿಣದ ಗೇಟನ್ನು ಬಿಸಾಡದೆ ಚೌಕದ ಅಂಚಿನಲ್ಲಿ ಉಳಿಸಿಕೊಂಡಿದ್ದಾರೆ.

ನಿಜವಾದ ಜಗಳ ಶುರುವಾದದ್ದು ಆಮೇಲೆ. ಹೊಸ ಮೇಯರ್ ಫ್ರ್ಯಾಂಕ್ ಐವಾನ್ಸಿಯವರಿಗೆ, ಪೇಟೆಯ ಕೆಲವು ವ್ಯಾಪಾರಸ್ಥರಿಗೆ, ಬಯಲು ಚೌಕ ಬೇಡವಾಗಿತ್ತು. ಬಾಗಿಲಿಲ್ಲದ ಜಾಗ ಮಾಡಿದರೆ ಅಲೆಮಾರಿಗಳು, ಪೋಲಿಗಳು ಬಂದು ಕೂರುತ್ತಾರೆ, ಗಾಜಿನ ಮಾಡು ಹಾಕಿ ಮುಚ್ಚೋಣ ಎಂಬ ವಾದ. ದುಡ್ಡಿಲ್ಲ ಅನ್ನುವುದು ಮೇಲಿನ ಮಾತು. ಯಾರು ಕೂರಬಹುದು, ಯಾರು ಕೂರಬಾರದು ಅನ್ನುವುದೇ ಒಳಗಿನ ಮಾತು. ಇದನ್ನು ಓದಿ ನಾವು ನಗುವಂತಿಲ್ಲ. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಮೇಲೂ ಒಂದು ಕಾಲಕ್ಕೆ ಎಲ್ಲರೂ ಕೂರುವಂತಿರಲಿಲ್ಲ. ಹಿರಿಯರಿಗೆ ಗೊತ್ತು.

ಆಗ ಊರ ಜನ ಒಂದು ಉಪಾಯ ಹೂಡಿದರು. ಚೌಕದ ಗೆಳೆಯರು ಅಂತ ಒಂದು ಬಳಗ ಕಟ್ಟಿಕೊಂಡು, ನೆಲಕ್ಕೆ ಹಾಸುವ ಇಟ್ಟಿಗೆಗಳನ್ನು ಮಾರಲು ಹೊರಟರು. ಒಂದು ಇಟ್ಟಿಗೆಗೆ 15 ಡಾಲರ್. ಆಗಿನ ನಮ್ಮ ದುಡ್ಡಿನಲ್ಲಿ ನೂರೈವತ್ತು ರೂಪಾಯಿಯ ಆಸುಪಾಸು. ಕೊಟ್ಟವರ ಹೆಸರನ್ನು ಇಟ್ಟಿಗೆಯ ಮೇಲೆ ಅಚ್ಚು ಹಾಕಿಸುವುದು, ಅಷ್ಟೇ. ಲಾಭಾಂಶ ಇಲ್ಲ, ಬಡ್ಡಿ ಇಲ್ಲ. ಹೀಗೆ ಹೋದ ಇಟ್ಟಿಗೆ ಸುಮಾರು 50 ಸಾವಿರ, ಬಂದ ಹಣ ಏಳೂವರೆ ಲಕ್ಷ ಡಾಲರ್.

ಇಲ್ಲಿ ಲೆಕ್ಕ ನೇರವಾಗಿ ಹೇಳಿಬಿಡಬೇಕು. ಒಟ್ಟು ಖರ್ಚು 70 ಲಕ್ಷ ಡಾಲರಿಗೂ ಮೇಲೆ. ಅಂದರೆ ಇಟ್ಟಿಗೆಯ ಹಣ ರೂಪಾಯಿಗೆ ಹತ್ತು ಪೈಸೆಯಷ್ಟೇ. ಇಟ್ಟಿಗೆಯಿಂದಲೇ ಚೌಕ ಆಯಿತು ಅನ್ನುವವರು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಆದರೆ ಸಂಘ ನಡೆಸಿದವರಿಗೆ ಇದರ ಒಳಗುಟ್ಟು ತಿಳಿಯುತ್ತದೆ. ಸದಸ್ಯರು ಸ್ವಂತ ಜೇಬಿನಿಂದ ಹತ್ತು ಪೈಸೆ ಹಾಕಿದ ಮೇಲೆ, ಉಳಿದ ತೊಂಬತ್ತು ಪೈಸೆ ಕೊಡಬೇಕಾದವರು ಮುಖ ತಿರುಗಿಸಿಕೊಂಡು ಹೋಗುವುದು ಕಷ್ಟ. ಐವತ್ತು ಸಾವಿರ ಹೆಸರು ಕೈಯಲ್ಲಿ ಹಿಡಿದವರ ಮುಂದೆ ‘ಇದು ಯಾರಿಗೂ ಬೇಡ’ ಅನ್ನೋಕಾಗುತ್ತಾ?

1984ರ ಏಪ್ರಿಲ್ 6ರಂದು ಚೌಕ ತೆರೆಯಿತು. ಮರು ತಿಂಗಳ ಚುನಾವಣೆಯಲ್ಲಿ ಮೇಯರ್ ಐವಾನ್ಸಿ ಸೋತರು. ಗೆದ್ದ ಬಡ್ ಕ್ಲಾರ್ಕ್ ಊರಲ್ಲಿ ಒಂದು ಪಾನಗೃಹ ನಡೆಸುತ್ತಿದ್ದ ಮನುಷ್ಯ. ಚೌಕದಿಂದಲೇ ಸೋತರೆಂದು ನಾನು ಹೇಳಲಾರೆ.

ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಅಂಗಳ ಅದು. ಮೆಟ್ಟಿಲೇ ಆಸನ, ಕೆಳಗಿನ ಬಯಲೇ ರಂಗಸ್ಥಳ. 1986ರಲ್ಲಿ ಆ ಊರಿಗೆ ಲಘು ರೈಲು ಬಂದಾಗ ಅದು ಚೌಕದ ಎರಡು ಮಗ್ಗುಲಿಗೂ ಹಾದಿತು, ಹೀಗಾಗಿ ಜನ ತಾನಾಗಿ ಬಂದು ಸೇರುವಂತಾಯಿತು. 1988ರಲ್ಲಿ ಹವಾಮಾನ ಹೇಳುವ ಒಂದು ಕಂಬ ನಿಲ್ಲಿಸಿದರು. ದಿನಾ ಮಧ್ಯಾಹ್ನ 12ಕ್ಕೆ ಕಹಳೆ ಊದಿ, ಬಿಸಿಲಾದರೆ ಸೂರ್ಯ, ಜಿನುಗು ಮಳೆಯಾದರೆ ಕೊಕ್ಕರೆ, ಬಿರುಗಾಳಿಯಾದರೆ ಘಟಸರ್ಪದಂಥ ಪ್ರಾಣಿ ಮೇಲೆದ್ದು ಬರುವ ಹಾಗೆ. ಹೂವಿನ ಹಬ್ಬ, ಸಂಗೀತ, ಕ್ರಿಸ್‌ಮಸ್ ಮರದ ದೀಪ, ಪ್ರತಿಭಟನೆ, ಎಲ್ಲಕ್ಕೂ ಅದೇ ಜಾಗ. ಜನ ಅದನ್ನು ಊರಿನ ಪಡಸಾಲೆ ಅಂತಲೇ ಕರೆಯುತ್ತಾರೆ. ಉಸ್ತುವಾರಿಗೆ ಲಾಭದ ಉದ್ದೇಶವಿಲ್ಲದ ಬೇರೊಂದು ಸಂಸ್ಥೆಯೇ ಇದೆ. ನಕ್ಷೆ ಬರೆದ ಮಾರ್ಟಿನ್ ಮಾತ್ರ ಇದನ್ನೆಲ್ಲ ಹೆಚ್ಚು ದಿನ ನೋಡಲಿಲ್ಲ. 1985ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಮೂವತ್ತು ವರ್ಷವಾಗುವಷ್ಟರಲ್ಲಿ ನೆಲ ಸೋರತೊಡಗಿತು, ಇಟ್ಟಿಗೆ ಒಡೆಯತೊಡಗಿದವು. 2014ರಲ್ಲಿ ಉದ್ಯಾನಗಳ ದುರಸ್ತಿಗೆ ನಗರ ಸಾಲಪತ್ರ ಎತ್ತಬಹುದೇ ಎಂದು ಮತಕ್ಕೆ ಹಾಕಿದಾಗ ಊರವರು ಆಗಲಿ ಅಂದರು. ಅದರ ಒಂದು ಪಾಲು ಚೌಕಕ್ಕೂ ಬಂದು, 2016-17ರಲ್ಲಿ ನೀರು ತಡೆಯುವ ಪದರ ಹೊಸದಾಗಿ ಹಾಸಿ, ಒಡೆದ ಇಟ್ಟಿಗೆಗಳನ್ನು ಬದಲಾಯಿಸಿದರು. ತಮ್ಮ ಹೆಸರಿನ ಇಟ್ಟಿಗೆ ಎಲ್ಲಿದೆಯೆಂದು ತಲೆ ಬಗ್ಗಿಸಿ ಹುಡುಕುತ್ತಾ ನಡೆಯುವವರು ಅಲ್ಲಿ ಈಗಲೂ ಸಿಗುತ್ತಾರೆ.