ಕೋಡಂಗಿಯ ನಾಲಗೆ

ದೊಡ್ಡಬಳ್ಳಾಪುರ, ನೆಲಮಂಗಲಗಳ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ, ಭಾಗವತನು ಪ್ರಸಂಗದ ಪದಗಳನ್ನು ಹಾಡುತ್ತಿರಲು, ರಾಜವೇಷಗಳ ಗಾಂಭೀರ್ಯವನ್ನು ಅಣಕಿಸುತ್ತ ರಂಗದಲ್ಲಿ ಸುಳಿಯುತ್ತಿದ್ದ ಕೋಡಂಗಿಯ ಪರಿಹಾಸವು ಬಹುಮಟ್ಟಿಗೆ ಅಲಿಖಿತವಾದುದು. ಅದು ಆಯಾ ರಾತ್ರಿಯ ಸಭೆಯನ್ನು ಕಂಡು ಹುಟ್ಟಿ, ಬೆಳಗಿನೊಡನೆ ಲಯವಾಗುತ್ತಿದ್ದಿತು. ಬರೆದಿಡದ ಮಾತಿಗೆ ಕತ್ತರಿಯೆಲ್ಲಿಯದು? ಗ್ರಾಮ್ಯೋಕ್ತಿ ಮಿತಿಮೀರಿದಾಗ ಮುಂದೆ ಕುಳಿತ ಹಿರಿಯರೊಬ್ಬರ ಕೆಮ್ಮೇ ಸಾಕಾಗಿದ್ದಿರಬೇಕು.

ಚಲನಚಿತ್ರದಲ್ಲಿ ಅಚ್ಚಾದ ಹಾಸ್ಯಕ್ಕೆ ಆ ಭಾಗ್ಯವಿಲ್ಲ. ಅದು ಮತ್ತೆ ಮತ್ತೆ ಮನೆಬಾಗಿಲಿಗೆ ಬರತಕ್ಕದ್ದು. 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾಯಿತು; 1994ರ ಕೇಬಲ್ ಟೆಲಿವಿಷನ್ ನಿಯಮಗಳು ಸುರುಚಿಗೂ ಸಭ್ಯತೆಗೂ ವಿರುದ್ಧವಾದುದನ್ನು, ಅಶ್ಲೀಲವಾದುದನ್ನು ನಿಷೇಧಿಸಿದುವು. ಚಿತ್ರಮಂದಿರದಲ್ಲಿ ಜನ ನಕ್ಕು ಮರೆತ ಮಾತು ಮರುಪ್ರಸಾರದಲ್ಲಿ ‘ಬೀಪ್’ ಎಂಬ ಕರ್ಕಶ ಧ್ವನಿಯಾಗಿ, ಮರೆಯಲಾಗದ ಮಾತಾಯಿತು!

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಎಡೆಬಿಡದ ವಿದ್ಯುನ್ಮಗ್ಗಗಳ ಘೋಷದಲ್ಲಿ ಟೆಲಿವಿಷನ್ನಿನ ಸಂಭಾಷಣೆ ಕೇಳುವಂತಿರಲಿಲ್ಲವಾದ್ದರಿಂದ, ರೇಷ್ಮೆಯ ಎಳೆಯನ್ನು ಗಂಟಿಕ್ಕುತ್ತಲೇ ಓರೆಗಣ್ಣಿನಿಂದ ನಟನ ತುಟಿಯನ್ನು ಓದುವ ಅಭ್ಯಾಸ ಆ ನೇಕಾರರಿಗೆ ಬಂದಿದ್ದಿತು. ಸದ್ದಡಗಿಸಿದ ಬೈಗುಳು ಅವರಲ್ಲಿ ಒಬ್ಬನಿಗೂ ತಪ್ಪಿರಲಿಲ್ಲ.