ಸಂಡೂರಿನ ಕೆಂಪು ಧೂಳು, ಕರಾವಳಿಯ ಹೋಟ್ಲು

ಟೇಬಲ್ಲು ಒರೆಸುವ ಹುಡುಗನ ಬಕೀಟಿನಿಂದಲೇ ಶುರು ಮಾಡುತ್ತೇನೆ. ಸಂಡೂರಿನಲ್ಲಿ ಕರಾವಳಿ ಕಡೆಯ ಮನೆಯವರು ನಡೆಸುವ ಒಂದು ಹೋಟ್ಲು ನನಗೆ ಚಿಕ್ಕಂದಿನಿಂದ ಗೊತ್ತು. ಬೆಳಗ್ಗೆ ಆರಕ್ಕೆ ನಲ್ಲಿಯಿಂದ ಹಿಡಿದ ನೀರು ಬಕೀಟಿನಲ್ಲಿ ತಿಳಿಯಾಗಿರುತ್ತಿತ್ತು. ರಾತ್ರಿ ಪಾಳಿ ಮುಗಿಸಿದವರು, ಲೋಡಿಗಾಗಿ ಕಾದು ಬೇಸತ್ತ ಲಾರಿ ಡ್ರೈವರುಗಳು, ಕ್ಲೀನರುಗಳು ಇಡ್ಲಿ ತಿಂದು ಚಾ ಕುಡಿದು ಎದ್ದು ಹೋಗುವಷ್ಟರಲ್ಲಿ, ಅಂದರೆ ಏಳೂವರೆಗೆ, ಅದು ಕುಂಕುಮ ಕದಡಿದ ನೀರಾಗುತ್ತಿತ್ತು. ಮೊಣಕೈ ಊರಿದಲ್ಲಿ ಕೆಂಪು, ಲೋಟದ ಅಂಚಿನಲ್ಲಿ ಕೆಂಪು, ಗಲ್ಲಾದ ನೋಟಿನಲ್ಲೂ ಕೆಂಪು. ಬಕೀಟಿನ ನೀರು ಎಷ್ಟು ಕೆಂಪಾಗಿದೆ ಅಂತ ನೋಡಿದರೆ ಸಾಕು, ಗುಡ್ಡದ ಮೇಲೆ ಮೈನ್ಸು ಹೇಗೆ ನಡೆದಿದೆ ಅಂತ ಗೊತ್ತಾಗುತ್ತಿತ್ತು.

ಸಂಡೂರು ಬಟ್ಟಲಿನಂಥ ಊರು. ಸುತ್ತ ಗುಡ್ಡ, ನಡುವೆ ಕಣಿವೆ, ಗುಡ್ಡ ಸೀಳಿಕೊಂಡು ಹರಿಯುವ ನಾರಿಹಳ್ಳ. ಮಳೆಗಾಲ ಮುಗಿಯುವ ಹೊತ್ತಿಗೆ ಈ ಕಣಿವೆಯನ್ನು ನೋಡಿದವರು ಬಯಲುಸೀಮೆಯಲ್ಲಿದ್ದೇವೆ ಅನ್ನುವುದನ್ನೇ ಮರೆಯುತ್ತಾರೆ. ಹದಿನೆಂಟನೇ ಶತಮಾನದಿಂದ ಇಲ್ಲಿ ಮರಾಠ ಘೋರ್ಪಡೆಯವರ ಪುಟ್ಟ ಸಂಸ್ಥಾನವಿತ್ತು. 1934ರಲ್ಲಿ ಗಾಂಧೀಜಿ ಬಂದು ಹೋದರು. 1949ರಲ್ಲಿ ಸಂಸ್ಥಾನ ಮದ್ರಾಸು ಪ್ರಾಂತ್ಯಕ್ಕೆ ಸೇರಿತು, 1953ರಲ್ಲಿ ಬಳ್ಳಾರಿ ಜಿಲ್ಲೆಯೊಂದಿಗೆ ಮೈಸೂರಿಗೆ ಬಂತು. ಕನ್ನಡ, ಮರಾಠಿ, ತೆಲುಗು, ಉರ್ದು, ಲಂಬಾಣಿ ಎಲ್ಲವೂ ಸಂತೆಯ ದಿನ ಒಂದೇ ರಸ್ತೆಯಲ್ಲಿ ಕೇಳಿಸುತ್ತಿದ್ದ ಊರಿದು. ಪರಊರಿನವರು ಇಲ್ಲಿ ಯಾವತ್ತೂ ಹೊಸಬರಲ್ಲ.

ಗುಡ್ಡದ ಒಡಲಲ್ಲಿ ಏನಿದೆ ಅನ್ನುವುದನ್ನು ಬರೆದಿಟ್ಟವನೂ ಹೊರಗಿನವನೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಡೂರು ಸೀಮೆಯ ಅದಿರನ್ನು ಹೊಗಳಿದ್ದಾನೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ತೆಗೆಯತೊಡಗಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿ, ದೇವಗಿರಿಯಲ್ಲಿ ಗಣಿ ನಡೆಸಿತು. ಆಗಿನ ಗಣಿ ಕೆಲಸವೆಂದರೆ ಕೈಕೆಲಸ. ಗಂಡಸರು ಸುತ್ತಿಗೆಯಿಂದ ಒಡೆದದ್ದನ್ನು ಹೆಂಗಸರು ಆರಿಸಿ, ಬುಟ್ಟಿಯಲ್ಲಿ ತುಂಬಿ ಹೊರುತ್ತಿದ್ದರು. ಮನೆಮಂದಿಯೆಲ್ಲ ಗುಡ್ಡದ ಮೇಲಿದ್ದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಹೊಟ್ಟೆಯ ಪ್ರಶ್ನೆ ಗಣಿಯ ಜೊತೆಗೇ ಹುಟ್ಟಿದ ಪ್ರಶ್ನೆ. ಈ ಕಂಪನಿ ತನ್ನ ಕೆಲಸಗಾರರಿಗೆ ದವಸಧಾನ್ಯವನ್ನು 1972ರ ದರದಲ್ಲೇ ಕೊಡುತ್ತ ಬಂದದ್ದನ್ನು ಹಳಬರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ರೇಷನ್ನು ಕೊಟ್ಟ ಮಾತ್ರಕ್ಕೆ ಬೆಳಗಿನ ನಾಷ್ಟಾ ಸಿಗುವುದಿಲ್ಲ. ಅದನ್ನು ಕೊಟ್ಟದ್ದು ಹೋಟ್ಲು.

ಹತ್ತಿರದ ಹೊಸಪೇಟೆಯ ಕತೆ ಬೇರೆ, ಬೇರು ಮಾತ್ರ ಒಂದೇ. ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರವೆಂದು ಕಟ್ಟಿದ ಈ ಊರಿನ ದಕ್ಷಿಣಕ್ಕೆ, ಎರಡು ಗುಡ್ಡಗಳ ನಡುವೆ ರಾಯರ ಕೆರೆಯ ದೊಡ್ಡ ಏರಿಯಿದೆ. ಅದನ್ನು ಕಟ್ಟುವಾಗ ಹದಿನೈದು, ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡಿದ್ದಾನೆ. ಗೋವಾದಿಂದ ಬಂದ ಜೊವಾಂವ್ ದ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನು ಈ ಕೆಲಸಕ್ಕೆ ನೆರವಾದನೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆಯುತ್ತಾನೆ. ಅಷ್ಟು ಜನಕ್ಕೆ ಅನ್ನ ಬೇಯಿಸಿದವರು ಯಾರು ಎಂಬುದನ್ನು ಇಬ್ಬರೂ ಬರೆಯಲಿಲ್ಲ. ನಾನು ಆ ಏರಿ ದಾಟುವಾಗಲೆಲ್ಲ ಇದನ್ನೇ ಯೋಚಿಸುತ್ತೇನೆ.

ನಾಲ್ಕು ಶತಮಾನ ಕಳೆದು ಅದೇ ಊರಿಗೆ ಮತ್ತೆ ಸಾವಿರಾರು ಜನ ಕಲ್ಲು ಹೊರಲು ಬಂದರು. 1945ರ ಫೆಬ್ರುವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಯ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆ ಎಂಬ ಊರು ಮುಳುಗಿ, ಅಲ್ಲಿಯ ಜನ ದೇವರನ್ನೂ ಕಟ್ಟಿಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕಾಲುವೆ ಹರಿದಲ್ಲಿಗೆ ಕರಾವಳಿ ಆಂಧ್ರದ ರೈತರು ಬಂದು ಭತ್ತ ಹಚ್ಚಿದರು. ಕಂಪ್ಲಿ, ಗಂಗಾವತಿ, ಸಿರುಗುಪ್ಪ ಕಡೆ ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪು ಅಂತಲೇ ಹೆಸರು. ಕಬ್ಬು, ಆಲೆಮನೆ ಬೆಲ್ಲಕ್ಕೆ ಹೆಸರಾಗಿದ್ದ ಸೀಮೆಗೆ ಆಂಧ್ರ ಮೆಸ್ಸಿನ ಪಪ್ಪು, ಗೋಂಗುರ ಬಂದದ್ದು ಈ ದಾರಿಯಲ್ಲಿ. ಬೇಕರಿ ಇಟ್ಟವರು ಹಾಸನದ ಕಡೆಯವರು. ಇಡ್ಲಿ, ದೋಸೆ, ಕಾಫಿಗೆ ಉಡುಪಿ, ಕುಂದಾಪುರದವರು.

ಕರಾವಳಿಯವರು ಊರು ಬಿಟ್ಟದ್ದು ಹೊಸದೇನಲ್ಲ. 1923ರ ದೊಡ್ಡ ನೆರೆ ಅಲ್ಲಿಯ ಎಷ್ಟೋ ಹುಡುಗರನ್ನು ಮದ್ರಾಸಿಗೆ, ಬೊಂಬಾಯಿಗೆ ಅಟ್ಟಿತು. ಪಾತ್ರೆ ತೊಳೆಯುತ್ತ ಶುರು ಮಾಡಿದವರು ಸ್ವಂತ ಹೋಟೆಲು ಇಟ್ಟರು. ಆದರೆ ನಾನು ಹೇಳುತ್ತಿರುವ ಮನೆಯವರು ಬಂದದ್ದು ಎಪ್ಪತ್ತರ ದಶಕದ ಕೊನೆಗೆ, ಬೇರೆಯೇ ಕಾರಣಕ್ಕೆ. 1974ರ ಭೂಸುಧಾರಣೆ ಕಾಯ್ದೆಯಲ್ಲಿ ಅವರ ಗೇಣಿ ಗದ್ದೆಗಳು ಉಳುವವರಿಗೆ ಹೋದವು. ಅದಕ್ಕೂ ಒಂದು ವರ್ಷ ಮುಂಚೆ, 1973ರಲ್ಲಿ, ಇದೇ ಸಂಡೂರಿನಲ್ಲಿ ಉಳುವ ರೈತರು ಸಮಾಜವಾದಿಗಳ ಜೊತೆ ನಿಂತು ಭೂಹೋರಾಟ ಮಾಡಿ ಜೈಲಿಗೆ ಹೋಗಿದ್ದರು. ಕಾಯ್ದೆ ತಂದ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು ಸಂಡೂರಿನ ಎಂ. ವೈ. ಘೋರ್ಪಡೆ. ಒಂದೇ ಗಾಳಿ ಇಲ್ಲೊಬ್ಬರಿಗೆ ಭೂಮಿಯ ಆಸೆ ಹುಟ್ಟಿಸಿತು, ಅಲ್ಲೊಬ್ಬರನ್ನು ಗಂಟುಮೂಟೆ ಕಟ್ಟಿಸಿ ಇಲ್ಲಿಗೇ ತಂದು ಬಿಟ್ಟಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆ ಮನೆಯ ಯಜಮಾನ ಹಿರಿಯ ಭಟ್ಟರೂ ಕಾಯ್ದೆಯನ್ನು ಬೈದದ್ದನ್ನು ನಾನು ಕೇಳಿಲ್ಲ. ಗದ್ದೆಯ ಮಾತು ಬಂದರೆ ಸುಮ್ಮನೆ ಎದ್ದು ಒಳಗೆ ಹೋಗಿ ಹಿಟ್ಟು ಹುದುಗು ಬಂದಿದೆಯೋ ಅಂತ ನೋಡುತ್ತಿದ್ದರು.

ಅವರು ಬಂದ ಕಾಲ ಚೆನ್ನಾಗಿತ್ತು. 1977ರಲ್ಲಿ ಕೇಂದ್ರ ಸರ್ಕಾರದ ಎನ್‌ಎಂಡಿಸಿ ದೋಣಿಮಲೈಯಲ್ಲಿ ದೊಡ್ಡ ಯಂತ್ರಗಳ ಗಣಿ ತೆರೆದು, ಪಕ್ಕದಲ್ಲೇ ಟೌನ್‌ಶಿಪ್ ಕಟ್ಟಿತು. ಹೊಸಪೇಟೆ, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ರೈಲು ಹತ್ತಿ ಮದ್ರಾಸು ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಜಪಾನಿಗೆ ಹೋಗುತ್ತಿತ್ತು. ಬಟವಾಡೆಯ ದಿನ ಹೋಟ್ಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಲ್ಲಾದ ಹಿಂದೆ, ದೇವರ ಪಟದ ಕೆಳಗೆ, ‘ಇಂದು ನಗದು ನಾಳೆ ಉದ್ರಿ’ ಅಂತ ಬೋರ್ಡಿತ್ತು. ಗಲ್ಲಾದ ಒಳಗೆ ಉದ್ದನೆಯ ಉದ್ರಿ ವಹಿಯೂ ಇತ್ತು! ಅದರಲ್ಲಿ ಹೆಸರಿಗಿಂತ ಗುರುತೇ ಹೆಚ್ಚು: ‘ಡ್ರಿಲ್ಲಿಂಗ್ ತಮ್ಮ’, ‘ಮೀಸೆ ಡ್ರೈವರು’, ‘ದೇವಗಿರಿ ಅಜ್ಜ’. ಬಟವಾಡೆಗೆ ಅರ್ಧ ತೀರುತ್ತಿತ್ತು, ಮರುದಿನ ಮತ್ತೆ ಬರೆಯುತ್ತಿದ್ದರು.

ಮೊದಲ ವರ್ಷ ಅವರ ಸಾಂಬಾರಿಗೆ ಬೆಲ್ಲ ಬೀಳುತ್ತಿತ್ತಂತೆ. ಗಿರಾಕಿಗಳು ಒಪ್ಪಲಿಲ್ಲ.

“ಏನ್ರೀ ಭಟ್ರೇ, ಸಾರಿಗೆ ಬೆಲ್ಲ ಹಾಕೀರಿ? ಖಾರ ಎಲ್ಲೈತಿ?”

“ಎಂತ ಮಾರಾಯ್ರೆ, ಇಷ್ಟು ಖಾರ ತಿಂದ್ರೆ ಹೊಟ್ಟೆ ಉಳೀತದಾ?”

ಹೊಟ್ಟೆ ಉಳಿಯಿತು, ಬೆಲ್ಲ ಹೋಯಿತು. ಆದರೆ ಆ ಮನೆಯವರು ನಿಜವಾಗಿ ನಮ್ಮವರಾದದ್ದು ಒಗ್ಗರಣೆ ಕಲಿತ ದಿನ ಅನ್ನುತ್ತೇನೆ. ಬಳ್ಳಾರಿ ಸೀಮೆಯಲ್ಲಿ ಒಗ್ಗರಣೆ ಅಂದರೆ ಸಾರಿಗೆ ಹಾಕುವ ಒಗ್ಗರಣೆಯಲ್ಲ, ಮಂಡಕ್ಕಿಯ ನಾಷ್ಟಾ. ಅಮ್ಮ ಅಂತ ನಾವೆಲ್ಲ ಕರೆಯುತ್ತಿದ್ದ ಭಟ್ಟರ ಹೆಂಡತಿ ಅದನ್ನು ಪಕ್ಕದ ಮನೆಯ ಹೆಂಗಸಿನಿಂದ ಕಲಿತರು. ಮಂಡಕ್ಕಿಯನ್ನು ನೀರಿಗೆ ಹಾಕಿದ ಮೇಲೆ ತಡ ಮಾಡುವಂತಿಲ್ಲ. ಎರಡು ಅಂಗೈ ನಡುವೆ ಒತ್ತಿ ಹಿಂಡಿ ತೆಗೆಯಬೇಕು. ಹೆಚ್ಚು ನೆನೆದರೆ ಮುದ್ದೆ, ಕಡಿಮೆಯಾದರೆ ಬೆಂಡು. ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಅರಿಶಿನ ಹಾಕಿ, ಮಂಡಕ್ಕಿ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಬೇಕು. ಜೊತೆಗೆ ಬಿಸಿ ಮಿರ್ಚಿ. ಅಮ್ಮ ಹಿಂಡುವಾಗ ಬಳೆ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದ ರೀತಿ ನನ್ನ ಕಣ್ಣಲ್ಲಿದೆ. ಹತ್ತೇ ವರ್ಷಕ್ಕೆ ಆ ಹೋಟ್ಲು ದೋಸೆಗಿಂತ ಒಗ್ಗರಣೆ ಮಿರ್ಚಿಗೇ ಹೆಸರಾಯಿತು.

ಹೊಟ್ಟೆ ತುಂಬಿಸುವುದರ ಜೊತೆಗೆ ಇಂಥ ಜಾಗಗಳು ಇನ್ನೂ ಏನೇನೋ ಮಾಡುತ್ತವೆ. ಅಮೆರಿಕದ ಕೊಲೊರಾಡೊ ರಾಜ್ಯದ ಕಲ್ಲಿದ್ದಲು ಗಣಿಗಳಲ್ಲಿ ಗ್ರೀಸಿನಿಂದ ವಲಸೆ ಬಂದವರು ಬಹಳ ಮಂದಿ ದುಡಿಯುತ್ತಿದ್ದರು. ಕ್ರೀಟ್ ದ್ವೀಪದ ಲೂಯಿಸ್ ಟಿಕಾಸ್ ಡೆನ್ವರ್ ಪಟ್ಟಣದಲ್ಲಿ ಪಾಲುದಾರಿಕೆಯಲ್ಲಿ ಕಾಫಿ ಅಂಗಡಿ ಇಟ್ಟಿದ್ದ. ಊರಿನ ಸುದ್ದಿ, ಪತ್ರ, ಕೆಲಸದ ವಿಚಾರ, ಜಗಳ ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. ಆ ಕಾಫಿ ಅಂಗಡಿಯವನೇ ಮುಂದೆ ಗಣಿ ಕಾರ್ಮಿಕರ ಮುಷ್ಕರದ ಮುಂದಾಳಾಗಿ, 1914ರ ಏಪ್ರಿಲ್ 20ರಂದು ಲಡ್ಲೋ ಎಂಬಲ್ಲಿ ಗುಂಡಿಗೆ ಬಲಿಯಾದ. ನಮ್ಮ ಭಟ್ಟರು ಮುಷ್ಕರ ಮಾಡಿಸಿದವರಲ್ಲ. ಆದರೆ ಯಾವ ಮೈನ್ಸಿನಲ್ಲಿ ಆಳು ಬೇಕಾಗಿದ್ದಾರೆ, ಯಾರ ಕೈ ಯಂತ್ರಕ್ಕೆ ಸಿಕ್ಕಿತು, ಯಾರ ಮಗಳ ಮದುವೆಗೆ ಎಷ್ಟು ಕಡಿಮೆ ಬಿದ್ದಿದೆ ಅನ್ನುವುದು ಕಂಪನಿ ಆಫೀಸಿಗಿಂತ ಮೊದಲು ಅವರ ಗಲ್ಲಾಕ್ಕೆ ತಿಳಿಯುತ್ತಿತ್ತು. ಓದು ಬಾರದವರು ಕಾಗದ ತಂದು ಅವರ ಹತ್ತಿರ ಓದಿಸಿಕೊಳ್ಳುತ್ತಿದ್ದರು. ಸಾರಾಯಿ ಅಂಗಡಿ ಆಗ ಹತ್ತು ಹೆಜ್ಜೆ ದೂರದಲ್ಲಿತ್ತು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಬಟವಾಡೆಯ ಸಂಜೆ ಗಂಡ ಅತ್ತ ತಿರುಗುವ ಮೊದಲೇ ಹೋಟ್ಲಿನ ಬಾಗಿಲಲ್ಲಿ ಕಾದು ನಿಂತು ದುಡ್ಡು ಇಸಕೊಳ್ಳುತ್ತಿದ್ದ ಹೆಂಗಸರನ್ನು ಭಟ್ಟರು ಎಂದೂ “ಅತ್ತ ಸರೀರಿ” ಅನ್ನಲಿಲ್ಲ. ಇದನ್ನು ನಾನು ದೊಡ್ಡ ವಿಷಯ ಅಂತಲೇ ಎಣಿಸುತ್ತೇನೆ.

ಆಮೇಲೆ ಬಂದದ್ದು ಹುಚ್ಚು ಕಾಲ. 2003ರ ಸುಮಾರಿಗೆ ಚೀನಾ ದೇಶದ ಉಕ್ಕಿನ ಹಸಿವು ಏರಿತು, ಅದಿರಿನ ಬೆಲೆಯೂ ಏರಿತು. ಹೊಲದ ಮೇಲಿನ ಮಣ್ಣನ್ನೇ ಮಾರಿದವರಿದ್ದರು. ಹೊಸಪೇಟೆ, ಸಂಡೂರು, ತೋರಣಗಲ್ಲು ರಸ್ತೆಗಳಲ್ಲಿ ಲಾರಿಗಳ ಸಾಲು ಮೈಲಿಗಟ್ಟಲೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ 1971ರಲ್ಲೇ ಇಂದಿರಾ ಗಾಂಧಿ ಅಡಿಗಲ್ಲು ಹಾಕಿ ಹೋಗಿದ್ದರು, ಆದರೆ ಜಿಂದಾಲ್ ಕಂಪನಿಯ ಕಾರ್ಖಾನೆ ತಲೆಯೆತ್ತಿದ್ದು ತೊಂಬತ್ತರ ದಶಕದಲ್ಲಿ. ಬಿಹಾರ, ಒಡಿಶಾದಿಂದ ಬಂದ ಕೆಲಸಗಾರರ ಹಿಂದೆಯೇ ರೋಟಿ, ದಾಲ್ ಮಾಡುವ ಢಾಬಾಗಳೂ ಬಂದವು. ನಮ್ಮ ಹೋಟ್ಲು ಮೇಲೊಂದು ಮಹಡಿ ಕಟ್ಟಿತು, ಸಾಲ ಮಾಡಿ. ಬಕೀಟಿನ ನೀರನ್ನು ಆಗ ಗಂಟೆಗೊಮ್ಮೆ ಚೆಲ್ಲಬೇಕಾಗುತ್ತಿತ್ತು. ಅನ್ನದ ಪಾತ್ರೆಗೆ ಎರಡು ಪದರ ಬಟ್ಟೆ ಮುಚ್ಚಿದರೂ ಧೂಳು ಇಳಿಯುತ್ತಿತ್ತು. ಜೋಳದ ತೆನೆ ಕೆಂಪು, ಮಲ್ಲಿಗೆ ಕೆಂಪು, ಮಕ್ಕಳ ಕಫ ಕೆಂಪು. ಆ ದುಡ್ಡಿನ ಹೊಳಪಿನಲ್ಲಿ ಇದನ್ನು ಗಟ್ಟಿಯಾಗಿ ಹೇಳಿದವರು ಬಹಳ ಕಡಿಮೆ, ನಾನೂ ಹೇಳಲಿಲ್ಲ. ಧಾರವಾಡದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅದರ ಬಗ್ಗೆಯೇ ವರದಿ ಕೊಟ್ಟರು. ಎರಡೇ ದಿನಕ್ಕೆ, 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು.

ಆ ಆಗಸ್ಟಿನಲ್ಲಿ ಸಂಡೂರಿಗೆ ಹೋಗಿದ್ದೆ. ಹೊಸಪೇಟೆಯ ಬಯಲುಗಳಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು, ಕಂತು ಕಟ್ಟಲಾಗದವರ ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋಗುತ್ತಿದ್ದರು. ಅದೇ ದಿನಗಳಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿ, ಚಾ ಹೋಟ್ಲುಗಳನ್ನು ಜೆಸಿಬಿ ಕೆಡವಿತ್ತು. ಹೊಳೆಯಾಚೆ ವಿರೂಪಾಪುರಗಡ್ಡೆಯ ರೆಸಾರ್ಟುಗಳಿಗೆ ಅದೇ ಗತಿ ಬಂದದ್ದು 2020ರಲ್ಲಿ. ಸ್ಮಾರಕ ಉಳಿಯಬೇಕು, ಗುಡ್ಡವೂ ಉಳಿಯಬೇಕು, ಎರಡೂ ಸರಿ. ಆದರೆ ಚಾ ಮಾರುವವರ ಲೆಕ್ಕ ಯಾವ ಆದೇಶದಲ್ಲೂ ಸರಿಯಾಗಿ ಬರುವುದಿಲ್ಲ ಎಂಬ ನೋವು ನನಗಿದೆ.

ಭಟ್ಟರ ಹೋಟ್ಲಿನಲ್ಲಿ ಆ ಬೆಳಗ್ಗೆ ನಾಲ್ಕು ಜನ. ಟೇಬಲ್ಲು ಒರೆಸುವ ಬಕೀಟು ಮೂಲೆಯಲ್ಲಿತ್ತು, ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಗಲ್ಲಾದಲ್ಲಿ ಮಗ ಕೂತಿದ್ದ. ಉದ್ರಿ ವಹಿ ತೆರೆದು ತೋರಿಸಿದ. ಒಡಿಶಾಕ್ಕೆ, ತಮಿಳುನಾಡಿಗೆ ವಾಪಸ್ ಹೋದವರ ಪುಟಗಳಿಗೆ ಅಡ್ಡಗೆರೆ ಎಳೆದಿರಲಿಲ್ಲ. “ಅಪ್ಪಯ್ಯ ಬೇಡ ಅಂದ್ರು,” ಅಂದ. ಊರಿಗೆ ಹೋಗಿಬಿಡೋಣ ಎಂಬ ಮಾತು ಮನೆಯಲ್ಲಿ ಬಂದಿತ್ತಂತೆ. ಅಮ್ಮ ಒಪ್ಪಲಿಲ್ಲ. ಅಲ್ಲಿ ಹೋಗಿ ಒಗ್ಗರಣೆ ಮಾಡಿದರೆ ತಿನ್ನುವವರು ಯಾರು ಅಂತ ಕೇಳಿದರಂತೆ.

2013ರ ಏಪ್ರಿಲ್‌ನಲ್ಲಿ ಕೋರ್ಟು ನಿಯಮ ಮೀರಿದ ಗಣಿಗಳ ಪರವಾನಗಿ ರದ್ದು ಮಾಡಿ, ಉಳಿದವುಗಳಿಗೆ ಮಿತಿ ಹಾಕಿ ಬಿಟ್ಟುಕೊಟ್ಟಿತು. ಬಳ್ಳಾರಿ ಜಿಲ್ಲೆಗೆ ಆಗ ಹಾಕಿದ ಮಿತಿ ವರ್ಷಕ್ಕೆ 2.5 ಕೋಟಿ ಟನ್. ದೋಣಿಮಲೈ ಗಣಿ 2018ರ ನವೆಂಬರಿನಲ್ಲಿ ಮತ್ತೆ ನಿಂತು 2021ರ ಫೆಬ್ರುವರಿಯಲ್ಲಿ ಶುರುವಾಯಿತು. ಅದೇ 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು.

ಹಿರಿಯ ಭಟ್ಟರು ಈಗಿಲ್ಲ. ಹೋದ ಚಳಿಗಾಲದಲ್ಲಿ ಹೋದಾಗ ಸೊಸೆ ಮಂಡಕ್ಕಿ ಹಿಂಡುತ್ತಿದ್ದಳು, ಬಳೆ ಮೇಲಕ್ಕೆ ಸರಿಸಿಕೊಂಡು. ಒಡಿಶಾದ ಹುಡುಗನೊಬ್ಬ ಟೇಬಲ್ಲು ಒರೆಸಿ ಬಕೀಟನ್ನು ಹೊರಗೆ ತಂದ. ಹಿತ್ತಲಿನ ಕರಿಬೇವಿನ ಬುಡಕ್ಕೆ ಚೆಲ್ಲಿದ ನೀರು ತಿಳಿಗೆಂಪು ಬಣ್ಣಕ್ಕಿತ್ತು. “ಖಾರ ಜಾಸ್ತಿ ಬೇಕಾ ಅಣ್ಣಾ?” ಅಂತ ನನ್ನನ್ನು ಕೇಳಿದ, ನಮ್ಮ ಕನ್ನಡದಲ್ಲೇ.